ಮೋಡ ಬಂದರೆ ರೇಡಿಯೊ ಚೆನ್ನಾಗಿ ಕೇಳುತ್ತಿತ್ತು

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆ. ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕರೆಂಟಿನ ಮಾತಿಲ್ಲ. ಅಪ್ಪನಿಗೆ ದೀಪ ಇಲ್ಲದಿದ್ದರೂ ನಡೆಯುತ್ತಿತ್ತು, ಭದ್ರಾವತಿ ಆಕಾಶವಾಣಿ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಮೊಬೈಲಿನಲ್ಲೇ ಕೇಳಬಹುದಲ್ಲ ಎಂದರೆ, ಮೊದಲು ಸಿಗ್ನಲ್ ತಂದುಕೊಡು ಎನ್ನುತ್ತಿದ್ದರು. ಹಳೆಯ ಟ್ರಾನ್ಸಿಸ್ಟರಿನ ದನಿ ಅವರ ಕಿವಿಗೆ ಸಾಲದು; ಹೆಂಚಿನ ಮೇಲೆ ಮಳೆ ಹೊಡೆಯುವಾಗಂತೂ ನನ್ನ ಕಿವಿಗೂ ಸಾಲದು. ಹಾಗಾಗಿ ರೇಡಿಯೊದ ದನಿ ಹೆಚ್ಚಿಸಲು ಸೋಲಾರ್‌ನಿಂದ ನಡೆಯುವ ಆಂಪ್ಲಿಫೈಯರ್ ಕಟ್ಟಲು ಕುಳಿತೆ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಸಾಮಾನು ತಂದೆ: 20 ವ್ಯಾಟಿನ ಪ್ಯಾನೆಲ್, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ದನಿ ಹೆಚ್ಚಿಸುವ ಟಿಡಿಎ2003 ಐಸಿ (ಚಿಪ್). ಟಿಡಿಎ2030 ಹೆಚ್ಚು ಹೆಸರುವಾಸಿಯಾದರೂ 12 ವೋಲ್ಟ್ ಅದರ ಕನಿಷ್ಠ ಮಿತಿ, ಅಲ್ಲಿ ಅದು ಏದುಸಿರು ಬಿಡುತ್ತದೆ. 2003 ಕಾರಿನ ಬ್ಯಾಟರಿಗೆಂದೇ ಹುಟ್ಟಿದ್ದು. 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ 6 ವ್ಯಾಟ್ ಕೊಡುತ್ತದೆ, ನಮ್ಮ ಬ್ಯಾಟರಿಯಲ್ಲಿ ನಾಲ್ಕೂವರೆ ಸಿಕ್ಕರೆ ಹೆಚ್ಚು. ಜಗಲಿ ತುಂಬಲು ಅಷ್ಟು ಸಾಕು.

ಮೊದಲ ಸಲ ಬೆಸುಗೆ ಹಾಕಿ ಚಾಲೂ ಮಾಡಿದಾಗ ಸದ್ದೇ ಇಲ್ಲದೆ ಐಸಿ ಬೆರಳು ಸುಡುವಷ್ಟು ಬಿಸಿಯಾಯಿತು. ಸ್ಪೀಕರಿನ ತುದಿಗೆ ಹಾಕಬೇಕಾದ 1 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಯನ್ನು ‘ಇದೇಕೆ ಬೇಕು’ ಎಂದು ನಾನೇ ಬಿಟ್ಟಿದ್ದೆ. ಅದಿಲ್ಲದೆ ಐಸಿ ನಮಗೆ ಕೇಳಿಸದ ಆವರ್ತನದಲ್ಲಿ ಕಂಪಿಸುತ್ತಾ ಕೂರುತ್ತದೆ. ಜೋಡಿ ಹಾಕಿದೆ, ತಣ್ಣಗಾಯಿತು.

ನಿಜವಾದ ಕಾಟ ಶುರುವಾದದ್ದು ಆಮೇಲೆ. ಪ್ಯಾನೆಲಿನಿಂದ ಬ್ಯಾಟರಿಗೆ ಚಾರ್ಜ್ ಮಾಡಲು, ವೋಲ್ಟೇಜ್ ಇಳಿಸಿಕೊಡುವ ಐಸಿ ಎಲ್‌ಎಂ2596 ಇರುವ ಸಿದ್ಧ ಮಾಡ್ಯೂಲ್ ತಂದು, ಔಟ್‌ಪುಟ್ ಹೊಂದಿಸಿ ಕೂರಿಸಿದ್ದೆ. ಬೆಳಗಿನ ಪ್ರದೇಶ ಸಮಾಚಾರ ಸ್ವಚ್ಛವಾಗಿ ಬಂತು. ಹನ್ನೊಂದರ ಹೊತ್ತಿಗೆ ವಾಚಕರ ದನಿಯ ಹಿಂದೆ ದುಂಬಿ ಹೊಕ್ಕಂತೆ ಗೊರಗೊರ. ಮಧ್ಯಾಹ್ನ ಮಾತೇ ಕೇಳದು. ಸಂಜೆ ಮತ್ತೆ ಸ್ವಚ್ಛ. ‘ನಿನ್ನ ಯಂತ್ರಕ್ಕೆ ಬಿಸಿಲು ಆಗುವುದಿಲ್ಲ’ ಎಂದರು ಅಪ್ಪ. ನಾನು ನಕ್ಕೆ, ಅವರು ಹೇಳಿದ್ದು ಸರಿಯಿತ್ತು.

ಒಂದು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ಗ್ರೌಂಡ್ (ನೆಗೆಟಿವ್) ತಂತಿಗಳನ್ನೆಲ್ಲ ಕಿತ್ತು ಒಂದೇ ಬಿಂದುವಿಗೆ ತಂದೆ, ದೊಡ್ಡ ಕೆಪಾಸಿಟರ್ ಹಾಕಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಮೊದಲೇ ಮಾಡಬೇಕಾಗಿದ್ದನ್ನು ಮಾಡಿದೆ: ರೇಡಿಯೊದಿಂದ ಏನೂ ಒಳಬರದಂತೆ ಆಂಪ್ಲಿಫೈಯರಿನ ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿದೆ. ಸಂಪೂರ್ಣ ಮೌನ. ಅಂದರೆ ಗೊರಗೊರ ತಂತಿಯಲ್ಲಿ ಬರುತ್ತಿರಲಿಲ್ಲ, ಗಾಳಿಯಲ್ಲಿ ಬಂದು ರೇಡಿಯೊವನ್ನೇ ಹೊಗುತ್ತಿತ್ತು. ಸೆಲ್ಲಿನ ಪಾಕೆಟ್ ರೇಡಿಯೊ ಹಿಡಿದು, ವೈದ್ಯರು ಸ್ಟೆತಸ್ಕೋಪ್ ಸರಿಸುವಂತೆ ಮನೆಯೊಳಗೆ ಓಡಾಡಿದೆ. ಮಾಡ್ಯೂಲಿನ ಹತ್ತಿರ ಕಿರುಚಾಟ. ಮಾಡಿನಿಂದ ಇಳಿದ ಪ್ಯಾನೆಲ್ ತಂತಿಯ ಉದ್ದಕ್ಕೂ ಅಷ್ಟೇ ಕಿರುಚಾಟ. ಎರಡು ತಂತಿಗಳನ್ನು ಬೇರೆಬೇರೆಯಾಗಿ ಗೋಡೆಗೆ ಹೊಡೆದು ನಾನೇ ಒಳ್ಳೆಯ ಏರಿಯಲ್ ಕಟ್ಟಿಕೊಟ್ಟಿದ್ದೆ.

ಎಲ್‌ಎಂ2596 ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಸಲ ಸ್ವಿಚ್ ಆಗುತ್ತದೆ, ಅಂದರೆ ಕರೆಂಟನ್ನು ಬಿಟ್ಟು ಕತ್ತರಿಸುತ್ತದೆ. ಆ 150 ಕಿಲೋಹರ್ಟ್ಸ್‌ನ ನಾಲ್ಕರಷ್ಟು, ಐದರಷ್ಟು ಎನ್ನುವ ಗುಣಿತಗಳು ರೇಡಿಯೊದ ಮೀಡಿಯಂ ವೇವ್ ಪಟ್ಟಿಯ ಉದ್ದಕ್ಕೂ ಬೀಳುತ್ತವೆ. ಒಂದೊಂದು ಐಸಿಯ ಆವರ್ತನ ತುಸು ಹಿಂದೆಮುಂದೆ ಇರುತ್ತದೆ. ನನ್ನದು 135ರ ಆಸುಪಾಸಿನಲ್ಲಿದ್ದಿರಬೇಕು. ಅದರ ಐದರಷ್ಟು 675 ಕಿಲೋಹರ್ಟ್ಸ್, ಭದ್ರಾವತಿ ನಿಲಯ ಇದ್ದದ್ದೂ ಅಲ್ಲೇ.

ಹಾಗಾದರೆ ಬೆಳಿಗ್ಗೆ ಏಕಿಲ್ಲ? ಮೋಡ ಕವಿದರೆ ಗೊರಗೊರ ಥಟ್ಟನೆ ನಿಲ್ಲುವುದನ್ನು ನೋಡಿದಾಗ ಹೊಳೆಯಿತು. ಬ್ಯಾಟರಿ ಹಸಿದಿರುವಾಗ ಅದು ಬೇಡುವಷ್ಟು ಕರೆಂಟನ್ನು ಪ್ಯಾನೆಲ್ ಕೊಡಲಾರದು. ಆಗ ಮಾಡ್ಯೂಲ್ ಸ್ವಿಚ್ ಆಗುವುದನ್ನೇ ಬಿಟ್ಟು ಪೂರ್ತಿ ತೆರೆದುಕೊಳ್ಳುತ್ತದೆ, ಬರಿಯ ತಂತಿಯಂತೆ. ಬ್ಯಾಟರಿ ತುಂಬುತ್ತಾ ಬಂದು ಬಿಸಿಲು ಮಿಕ್ಕಾಗ ಮಾತ್ರ ಕತ್ತರಿಸಲು ತೊಡಗುತ್ತದೆ. ಎಂದರೆ ನನಗೆ ಅದರಿಂದ ಒಂದು ಮಿಲಿಆಂಪಿಯರ್ ಲಾಭವೂ ಇರಲಿಲ್ಲ, ಬೇಡದ ಹೊತ್ತಿನಲ್ಲಿ ಗಲಾಟೆ ಮಾತ್ರ.

ಅದನ್ನು ಕಿತ್ತು, ಸ್ವಿಚ್ ಆಗದೆ ಮಿಕ್ಕ ವೋಲ್ಟನ್ನು ಬಿಸಿಯಾಗಿ ಕಳೆಯುವ ಹಳೆಯ ಎಲ್‌ಎಂ317 ಹಾಕಿದೆ. ಸೋಲಾರಿಗೆ ಇಂಥ ಲೀನಿಯರ್ ರೆಗ್ಯುಲೇಟರ್ ದಂಡ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ನನ್ನ ಪ್ಯಾನೆಲ್ ಹದಿನೇಳೂವರೆ ವೋಲ್ಟ್‌ವರೆಗೂ ಹೆಚ್ಚುಕಡಿಮೆ ಅದೇ 1.1 ಆಂಪಿಯರ್ ಕೊಡುತ್ತದೆ. ಬ್ಯಾಟರಿಗೆ ಬೇಕಿರುವುದು ಹದಿನಾಲ್ಕರೊಳಗೆ, ಹಾಗಾಗಿ ರೆಗ್ಯುಲೇಟರ್ ತಿನ್ನುವ ಎರಡು ವೋಲ್ಟ್ ಹೇಗೂ ಪೋಲಾಗುತ್ತಿದ್ದದ್ದೇ. 240 ಓಮ್ ರೆಸಿಸ್ಟರ್, ಇನ್ನೊಂದು ಕಡೆ 2.2 ಕಿಲೋಓಮ್ ಜೊತೆಗೆ ತಿರುಗಿಸಿ ಹೊಂದಿಸುವ 500 ಓಮ್ ಪ್ರಿಸೆಟ್, 14.1 ವೋಲ್ಟಿಗೆ ಹೊಂದಿಸಿ, ಮುಂದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್5822 ಡಯೋಡ್. ಡಯೋಡ್ ತಿಂದದ್ದು ಹೋಗಿ ಬ್ಯಾಟರಿಗೆ 13.8 ಸಿಗುತ್ತದೆ. ಆ ಡಯೋಡ್ ಇಲ್ಲದಿದ್ದರೆ ರಾತ್ರಿಯಿಡೀ ರೆಸಿಸ್ಟರುಗಳೇ 5 ಮಿಲಿಆಂಪಿಯರ್ ಹೀರುತ್ತವೆ. ಐಸಿಗೆ ಅಂಗೈ ಅಗಲದ ಹೀಟ್‌ಸಿಂಕ್ ಬೇಕು. ಪ್ಯಾನೆಲಿನ ತಂತಿಗಳನ್ನು ಬಿಚ್ಚಿ, ಜಡೆ ಹೊಸೆದಂತೆ ಒಂದಕ್ಕೊಂದು ಸುತ್ತಿ ಮತ್ತೆ ಎಳೆದೆ.

ಮಳೆಗಾಲಕ್ಕೆ ಸೋಲಾರ್ ಎಂದು ನಗುವವರಿದ್ದಾರೆ. ಮಾತು ಕೇಳುವ ದನಿಯಲ್ಲಿ ಸರಾಸರಿ 200 ಮಿಲಿಆಂಪಿಯರ್ ಖರ್ಚು, ಆಷಾಢದ ಮಂಕು ಬೆಳಕಿನಲ್ಲೂ ಹಗಲಿಗೆ ಅಷ್ಟನ್ನು ತುಂಬಿಕೊಂಡಿತು.

ಉಳಿದಿರುವುದು ಒಂದೇ ಗೊರಗೊರ. ಕರೆಂಟ್ ಇದ್ದ ದಿನ ಸಂಜೆ ಕೊಟ್ಟಿಗೆಯ ಎಲ್‌ಇಡಿ ಬಲ್ಬು ಹಾಕಿದ ಕೂಡಲೇ ರೇಡಿಯೊದಲ್ಲಿ ಸಣ್ಣಗೆ ಕೇಳುತ್ತದೆ. ಅದನ್ನು ಸರಿಪಡಿಸಲು ಹೊರಟರೆ ಅಪ್ಪ ಬೇಡವೆಂದರು. ಅಮ್ಮ ಹಾಲು ಕರೆಯಲು ಹೋದದ್ದು ಅವರಿಗೆ ಕುರ್ಚಿಯಲ್ಲೇ ಗೊತ್ತಾಗುತ್ತದಂತೆ.