ಕೋಲಾರದಲ್ಲೇ ಕೂತು ಐಇಎಲ್‌ಟಿಎಸ್‌ಗೆ ತಯಾರಾಗುವುದು ಹೇಗೆ?

ಕೋಲಾರದಲ್ಲಿ ನರ್ಸಿಂಗ್ ಓದುತ್ತಿರುವವರು, ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ಡಿಗ್ರಿ ಮುಗಿಸಿ ಹೊರದೇಶದಲ್ಲಿ ಮುಂದೆ ಓದಬೇಕು ಅಂದುಕೊಂಡವರು, ಇವರಲ್ಲಿ ಬಹಳಷ್ಟು ಜನ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಲೇಬೇಕಾಗುತ್ತದೆ. ಹೆಸರು ಕೇಳಿದ ಕೂಡಲೇ ಹಲವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: 'ನಂದು ಕನ್ನಡ ಮೀಡಿಯಂ, ನನ್ನ ಕೈಲಿ ಆಗುತ್ತಾ?'

ಆಗುತ್ತೆ. ಇಂಗ್ಲಿಷ್ ಪಾಠ ಹೇಳುತ್ತಾ ನಾನು ಕಂಡುಕೊಂಡಿದ್ದು ಇಷ್ಟು. ನಮ್ಮ ಮಕ್ಕಳ ಅಂಕ ಹೋಗುವುದು ಇಂಗ್ಲಿಷ್ ಕಡಿಮೆ ಅಂತಲ್ಲ, ಪ್ರಶ್ನೆ ಏನು ಕೇಳುತ್ತಿದೆ ಅಂತ ಸರಿಯಾಗಿ ಗೊತ್ತಿಲ್ಲದೆ. ಈ ಪರೀಕ್ಷೆಯ ಕೆಲವು ಭಾಗಗಳಲ್ಲಿ ನಮಗೆ ಗೊತ್ತಿರುವುದನ್ನು ಪಕ್ಕಕ್ಕಿಟ್ಟು ಎದುರಿಗಿರುವುದನ್ನಷ್ಟೇ ನೋಡಬೇಕು. ಇನ್ನು ಕೆಲವು ಕಡೆ ನಮ್ಮೂರು, ನಮ್ಮ ಮನೆ, ನಮ್ಮ ಅನುಭವ ಎಲ್ಲವನ್ನೂ ಧಾರಾಳವಾಗಿ ಹೇಳಬೇಕು. ಯಾವುದು ಎಲ್ಲಿ ಅನ್ನುವುದು ತಿಳಿದರೆ ತಯಾರಿಯ ದಾರಿ ಎಷ್ಟೋ ಸುಲಭವಾಗುತ್ತದೆ.

ಮೊದಲು ಯಾವ ಪರೀಕ್ಷೆ ಅಂತ ಖಚಿತ ಮಾಡಿಕೊಳ್ಳಿ

ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ: ಅಕಾಡೆಮಿಕ್ ಮತ್ತು ಜನರಲ್ ಟ್ರೈನಿಂಗ್. ವಿಶ್ವವಿದ್ಯಾಲಯ ಸೇರುವವರಿಗೆ ಸಾಮಾನ್ಯವಾಗಿ ಅಕಾಡೆಮಿಕ್ ಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ ನೆಲೆಸಲು ಹೋಗುವವರಿಗೆ ಜನರಲ್ ಟ್ರೈನಿಂಗ್. ಬ್ರಿಟನ್ನಿನ ಕೆಲವು ವೀಸಾಗಳಿಗೆ 'ಯುಕೆವಿಐ' ಅಂತ ಬೇರೆಯೇ ಬುಕಿಂಗ್ ಇದೆ. ಪ್ರಶ್ನೆಗಳ ಸ್ವರೂಪ ಒಂದೇ ಆದರೂ ಸಾಮಾನ್ಯ ಐಇಎಲ್‌ಟಿಎಸ್ ಬರೆದು ಅದೇ ನಡೆಯುತ್ತದೆ ಅಂತ ಕೂರಬೇಡಿ.

ನರ್ಸಿಂಗ್ ಓದಿದವರಿಗೆ ಒಂದು ಮಾತು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಅಕಾಡೆಮಿಕ್ ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ಬ್ಯಾಂಡ್ 7 (ಬ್ಯಾಂಡ್ ಅಂದರೆ ಇಲ್ಲಿ 9ರವರೆಗೆ ಕೊಡುವ ಅಂಕ), ರೈಟಿಂಗ್‌ನಲ್ಲಿ 6.5 ಕೇಳುತ್ತದೆ. ಇದಕ್ಕೆ ಬದಲಾಗಿ ಒಇಟಿ ಅನ್ನುವ ಪರೀಕ್ಷೆಯನ್ನೂ ಅದು ಒಪ್ಪುತ್ತದೆ. ಒಇಟಿಯಲ್ಲಿ ಮಾತಾಡುವುದು ರೋಗಿಯ ಜೊತೆ, ಬರೆಯುವುದು ರೋಗಿಯ ಬಗ್ಗೆ ಪತ್ರ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದು ಹತ್ತಿರದ್ದು ಅನ್ನಿಸುತ್ತದೆ. ಎರಡರ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ನೋಡಿ ಆಮೇಲೆ ತೀರ್ಮಾನಿಸಿ.

ಪಾಸ್‌ಪೋರ್ಟ್ ಇಲ್ಲದೆ ನೋಂದಣಿ ಮುಂದುವರಿಯುವುದಿಲ್ಲ. ಹಾಗಾಗಿ ಅದರ ಅರ್ಜಿ ಇವತ್ತೇ ಹಾಕಿ. ಪರೀಕ್ಷೆಯ ಶುಲ್ಕ 2025ರಲ್ಲಿ 18 ಸಾವಿರ ರೂಪಾಯಿ ಆಸುಪಾಸಿನಲ್ಲಿತ್ತು. ಬುಕ್ ಮಾಡುವ ದಿನ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಫಲಿತಾಂಶ ಎರಡು ವರ್ಷ ನಡೆಯುತ್ತದೆ. ಕಾಲೇಜಿಗೆ ಅರ್ಜಿ ಹಾಕುವ ಕಾಲ ನೋಡಿಕೊಂಡು ದಿನ ಗೊತ್ತು ಮಾಡಿ.

ಓದಲು ಶುರು ಮಾಡುವ ಮೊದಲೇ ಒಂದು ಮಾಕ್ ಟೆಸ್ಟ್

ಇದು ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ. ಐಇಎಲ್‌ಟಿಎಸ್‌ನ ಅಧಿಕೃತ ವೆಬ್‌ಸೈಟ್‌ನಲ್ಲಿ ಮಾದರಿ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ ಬೆಳಗ್ಗೆ ಫೋನ್ ಬೇರೆ ಕೋಣೆಯಲ್ಲಿಟ್ಟು, ಗಡಿಯಾರ ಎದುರಿಗಿಟ್ಟು, ಪೂರ್ತಿ ಬರೆಯಿರಿ. ಲಿಸನಿಂಗ್, ರೀಡಿಂಗ್ ಎರಡರಲ್ಲೂ 40 ಪ್ರಶ್ನೆ. ಲಿಸನಿಂಗ್‌ನಲ್ಲೂ ಅಕಾಡೆಮಿಕ್ ರೀಡಿಂಗ್‌ನಲ್ಲೂ ಸುಮಾರು 23 ಸರಿಯಾದರೆ ಬ್ಯಾಂಡ್ 6, ಸುಮಾರು 30 ಸರಿಯಾದರೆ ಬ್ಯಾಂಡ್ 7. ಜನರಲ್ ಟ್ರೈನಿಂಗ್‌ನ ರೀಡಿಂಗ್ ಸ್ವಲ್ಪ ಸುಲಭ, ಆದ್ದರಿಂದ ಅಲ್ಲಿ 7 ಬರಲು ಸುಮಾರು 34 ಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಹಾಗಾಗಿ ಯಾವ ಜಾಗವನ್ನೂ ಖಾಲಿ ಬಿಡಬೇಡಿ.

ನಾಲ್ಕೂ ವಿಭಾಗಗಳ ಸರಾಸರಿಯೇ ಒಟ್ಟು ಬ್ಯಾಂಡ್. ಒಬ್ಬರಿಗೆ ಲಿಸನಿಂಗ್ 7, ರೀಡಿಂಗ್ 6.5, ರೈಟಿಂಗ್ 5.5, ಸ್ಪೀಕಿಂಗ್ 6 ಬಂತು ಅನ್ನಿ. ಸರಾಸರಿ 6.25. ಅದನ್ನು ಮೇಲಕ್ಕೆ ಏರಿಸಿ 6.5 ಕೊಡುತ್ತಾರೆ. ಖುಷಿಯೇ. ಆದರೆ ಎಷ್ಟೋ ವಿಶ್ವವಿದ್ಯಾಲಯಗಳು 'ಯಾವುದರಲ್ಲೂ 6ಕ್ಕಿಂತ ಕಡಿಮೆ ಇರಬಾರದು' ಅನ್ನುತ್ತವೆ. ಅಲ್ಲಿ ಆ 5.5 ದಾರಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ನಿಮ್ಮ ದಿನದ ಹೆಚ್ಚು ಹೊತ್ತು ಹೋಗಬೇಕಾದ್ದು ನಿಮಗೆ ಕಷ್ಟವಾದ ವಿಭಾಗಕ್ಕೆ. ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾ ಕೂತರೆ ಸುಮ್ನೆ ಸಮಾಧಾನ ಅಷ್ಟೇ.

ಲಿಸನಿಂಗ್: ಒಂದೇ ಸಲ ಕೇಳಿಸುತ್ತದೆ

ಸುಮಾರು 30 ನಿಮಿಷ, ನಾಲ್ಕು ಭಾಗ. ಮೊದಲೆರಡು ದಿನನಿತ್ಯದ ಮಾತು, ಕೊನೆಯೆರಡು ಓದಿಗೆ ಸಂಬಂಧಿಸಿದ್ದು. ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ, ಹೀಗೆ ಬೇರೆ ಬೇರೆ ಕಡೆಯವರ ಉಚ್ಚಾರಣೆ ಬರುತ್ತದೆ. ಕಿವಿ ಪಳಗಿಸಲು ದಿನಾ ಅರ್ಧ ಗಂಟೆ ಬಿಬಿಸಿ ಅಥವಾ ಆಸ್ಟ್ರೇಲಿಯಾದ ಎಬಿಸಿ ರೇಡಿಯೊ ಕೇಳಿ. ಬಸ್ಸಲ್ಲೂ ಕೇಳಬಹುದು. ಆದರೆ ಬರೀ ಕೇಳಿದರೆ ಸಾಲದು. ಎರಡು ನಿಮಿಷದ ತುಣುಕು ಹಾಕಿ, ಕಿವಿಗೆ ಬಿದ್ದದ್ದನ್ನು ಹಾಗೇ ಬರೆಯಿರಿ, ಆಮೇಲೆ ಪಠ್ಯದ ಜೊತೆ ಹೋಲಿಸಿ. ಎಲ್ಲಿ ತಪ್ಪಿದಿರಿ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಸ್ಪೆಲಿಂಗ್ ತಪ್ಪಾದರೆ ಉತ್ತರ ತಪ್ಪು. 'ಎರಡು ಪದಕ್ಕಿಂತ ಹೆಚ್ಚು ಬೇಡ' ಅಂದ ಕಡೆ ಮೂರು ಪದ ಬರೆದರೂ ತಪ್ಪು. ಬಹುವಚನದ ಕೊನೆಯ 'ಎಸ್' ಬಿಟ್ಟು ಅಂಕ ಕಳೆದುಕೊಳ್ಳುವವರು ಲೆಕ್ಕವಿಲ್ಲ.

ರೀಡಿಂಗ್: ನಿಮಗೆ ಗೊತ್ತಿರುವುದನ್ನು ಮರೆತುಬಿಡಿ

60 ನಿಮಿಷ. ಅಕಾಡೆಮಿಕ್ ಆದರೆ ಮೂರು ಉದ್ದದ ಬರಹ. ಪ್ರತಿ ಪದವನ್ನೂ ಓದುತ್ತಾ ಹೋದರೆ ಮೂರನೆಯದಕ್ಕೆ ಸಮಯ ಉಳಿಯುವುದಿಲ್ಲ. ಒಂದಕ್ಕೆ 20 ನಿಮಿಷ ಅಂತ ಕಟ್ಟುನಿಟ್ಟು ಮಾಡಿಕೊಳ್ಳಿ.

ಎಲ್ಲರನ್ನೂ ಕಾಡುವುದು 'ಟ್ರೂ, ಫಾಲ್ಸ್, ನಾಟ್ ಗಿವನ್'. ನಮ್ಮೂರಿನದೇ ಉದಾಹರಣೆ ತೆಗೆದುಕೊಳ್ಳೋಣ. ಒಂದು ಬರಹದಲ್ಲಿ ಹೀಗಿದೆ ಅನ್ನಿ: 'ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯಲು ಶುರುವಾಯಿತು.' ಈಗ ಮೂರು ಹೇಳಿಕೆ ನೋಡಿ. 'ಕೋಲಾರದ ಕೆರೆಗಳಿಗೆ ಬಂದದ್ದು ಸಂಸ್ಕರಿಸಿದ ನೀರು': ಟ್ರೂ. 'ಈ ಯೋಜನೆಯ ನೀರು 2015ರಲ್ಲೇ ಕೆರೆಗಳಿಗೆ ಬಂದಿತ್ತು': ಫಾಲ್ಸ್, ಬರಹ ಇದಕ್ಕೆ ಎದುರು ಹೇಳುತ್ತಿದೆ. 'ನೀರು ಬಂದ ಮೇಲೆ ಬೋರ್‌ವೆಲ್‌ಗಳಲ್ಲಿ ನೀರು ಏರಿತು': ನಾಟ್ ಗಿವನ್.

ಈ ಮೂರನೆಯದರಲ್ಲೇ ಕೋಲಾರದವರು ಎಡವುವುದು! ನಿಮ್ಮ ತೋಟದ ಬೋರ್‌ವೆಲ್‌ನಲ್ಲಿ ನೀರು ಏರಿದ್ದನ್ನು ಕಣ್ಣಾರೆ ಕಂಡಿರಬಹುದು. ನರಸಾಪುರದ ಕೆರೆ ತುಂಬಿದ್ದು ನೋಡಿರಬಹುದು. ಆದರೆ ಬರಹದಲ್ಲಿ ಆ ಮಾತಿಲ್ಲ. ಹಾಗಾಗಿ ನಾಟ್ ಗಿವನ್. ಅಭ್ಯಾಸ ಮಾಡುವಾಗ ಪ್ರತಿ ಉತ್ತರಕ್ಕೂ ಬರಹದ ಯಾವ ಸಾಲು ಆಧಾರ ಅಂತ ಬೆರಳಿಟ್ಟು ತೋರಿಸಿ. ತೋರಿಸಲು ಸಾಲೇ ಸಿಗದಿದ್ದರೆ ಉತ್ತರ ಏನು ಅಂತ ಗೊತ್ತಾಯಿತು ಅಲ್ವಾ?

ರೈಟಿಂಗ್: ಇಲ್ಲೇ ಹೆಚ್ಚು ಬೆವರು

60 ನಿಮಿಷದಲ್ಲಿ ಎರಡು ಬರಹ. ಮೊದಲನೆಯದು ಕನಿಷ್ಠ 150 ಪದ, 20 ನಿಮಿಷ. ಎರಡನೆಯದು ಕನಿಷ್ಠ 250 ಪದ, 40 ನಿಮಿಷ. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕ. ಮೊದಲನೆಯದರಲ್ಲೇ ಅರ್ಧ ಗಂಟೆ ಕಳೆದರೆ ನಷ್ಟ ನಿಮಗೇ. ಅಂಕ ಕೊಡುವುದು ನಾಲ್ಕು ವಿಷಯ ನೋಡಿ: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ಮಾತು ಒಂದಕ್ಕೊಂದು ಹೊಂದಿಕೊಂಡಿದೆಯಾ, ಪದಗಳ ಬಳಕೆ ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು.

ಅಕಾಡೆಮಿಕ್‌ನ ಮೊದಲ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಗ್ರಾಫ್ ಅಥವಾ ಕೋಷ್ಟಕ ಕೊಟ್ಟು ವಿವರಿಸಿ ಅನ್ನುತ್ತಾರೆ. ಇದಕ್ಕೆ ನಾನು ಕೊಡುವ ಅಭ್ಯಾಸ ನಮ್ಮ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಬೆಲೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿದ್ದು ಯಾರಿಗೆ ನೆನಪಿಲ್ಲ? ಆ ವರ್ಷದ ತಿಂಗಳುವಾರು ಬೆಲೆಗಳನ್ನು ಪತ್ರಿಕೆಯಿಂದ ಬರೆದಿಟ್ಟುಕೊಂಡು, ಕಾಗದದ ಮೇಲೆ ನೀವೇ ಗ್ರಾಫ್ ಎಳೆಯಿರಿ. ಈಗ ವಿವರಿಸಿ.

ಹೊಸಬರು 'ಜನವರಿಯಲ್ಲಿ ಇಷ್ಟು, ಫೆಬ್ರವರಿಯಲ್ಲಿ ಇಷ್ಟು' ಅಂತ ಡಿಸೆಂಬರ್‌ವರೆಗೂ ಪಟ್ಟಿ ಓದುತ್ತಾರೆ. ಇನ್ನು ಕೆಲವರು ಮಳೆ, ರೋಗ, ಇಳುವರಿ, ದಲ್ಲಾಳಿಗಳು ಅಂತ ಕಾರಣ ಬರೆಯಲು ಕೂರುತ್ತಾರೆ. ಎರಡೂ ಬೇಡ. ಗ್ರಾಫಿನಲ್ಲಿ ಕಾರಣ ಇಲ್ಲ, ಆದ್ದರಿಂದ ನಿಮ್ಮ ಉತ್ತರದಲ್ಲೂ ಇರಬಾರದು. ಮೊದಲು ಇಡೀ ಚಿತ್ರ ಎರಡು ವಾಕ್ಯದಲ್ಲಿ ಬರಲಿ: ವರ್ಷದ ಹೆಚ್ಚಿನ ಭಾಗ ಬೆಲೆ ಯಾವ ಮಟ್ಟದಲ್ಲಿತ್ತು, ಯಾವಾಗ ಜೋರಾಗಿ ಏರಿತು, ಆಮೇಲೆ ಏನಾಯಿತು. ಆಮೇಲೆ ಅತಿ ಹೆಚ್ಚು, ಅತಿ ಕಡಿಮೆ, ದೊಡ್ಡ ಏರಿಳಿತ, ಇಂಥ ಮುಖ್ಯ ಅಂಕಿಗಳನ್ನು ಮಾತ್ರ ತನ್ನಿ. ಆ ಎರಡು ವಾಕ್ಯ ಇಲ್ಲದೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಬ್ಯಾಂಡ್ ಮೇಲೇರುವುದು ಕಷ್ಟ.

ಜನರಲ್ ಟ್ರೈನಿಂಗ್‌ನವರಿಗೆ ಗ್ರಾಫ್ ಬದಲು ಪತ್ರ. ಪ್ರಶ್ನೆಯಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ, ಮೂರಕ್ಕೂ ಬರೆಯಬೇಕು. ಗೆಳೆಯನಿಗೋ, ಮ್ಯಾನೇಜರ್‌ಗೋ ಅಂತ ನೋಡಿ ಧಾಟಿ ಬದಲಿಸಬೇಕು.

ಎರಡನೆಯ ಪ್ರಶ್ನೆ ಪ್ರಬಂಧ. ಇಲ್ಲಿ ಲೆಕ್ಕ ತಿರುಗುತ್ತದೆ, ನಿಮಗೆ ಗೊತ್ತಿರುವುದೇ ಇಲ್ಲಿ ಬಂಡವಾಳ. 'ಚಿಕ್ಕ ಊರುಗಳ ಯುವಜನ ಕೆಲಸಕ್ಕೆ ದೊಡ್ಡ ನಗರಗಳಿಗೆ ಹೋಗುತ್ತಿದ್ದಾರೆ. ಇದರಿಂದ ಒಳ್ಳೆಯದು ಹೆಚ್ಚೋ ಕೆಟ್ಟದ್ದು ಹೆಚ್ಚೋ?' ಅಂತ ಕೇಳಿದರು ಅನ್ನಿ. 'ಈ ಆಧುನಿಕ ಯುಗದಲ್ಲಿ, ನಾಣ್ಯಕ್ಕೆ ಎರಡು ಮುಖಗಳಿರುವಂತೆ' ಅನ್ನುವ ಬಾಯಿಪಾಠದ ಇಂಗ್ಲಿಷ್ ಸಾಲುಗಳಿಂದ ಶುರು ಮಾಡಬೇಡಿ. ಪರೀಕ್ಷಕರು ಅದನ್ನು ಓದಿ ಓದಿ ಬೇಸತ್ತಿರುತ್ತಾರೆ. ಬಾಯಿಪಾಠ ಅಂತ ಗೊತ್ತಾದರೆ ಅಂಕವೂ ಹೋಗುತ್ತದೆ. ಮಾಲೂರು, ಬಂಗಾರಪೇಟೆಯಿಂದ ಮುಂಜಾನೆ ಹೋಗಿ ರಾತ್ರಿ ಮನೆ ಸೇರುವವರನ್ನು ನೆನೆಯಿರಿ. ಸಂಬಳ ಬಂತು, ತಂಗಿಯ ಫೀಸು ಕಟ್ಟಿದ್ದಾಯಿತು. ಆದರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ ಉಳಿದರು. ಇದನ್ನೇ ಸರಳ ಇಂಗ್ಲಿಷ್‌ನಲ್ಲಿ ಬರೆದರೆ ಒಂದು ಗಟ್ಟಿ ಪ್ಯಾರಾ ಆಗುತ್ತದೆ. ನಿಮ್ಮ ನಿಲುವು ಯಾವ ಕಡೆ ಅನ್ನುವುದು ಮೊದಲ ಪ್ಯಾರಾದಲ್ಲೇ ಗೊತ್ತಾಗಲಿ, ಕೊನೆಯವರೆಗೂ ಅದೇ ಇರಲಿ. ಬರೆಯುವ ಮೊದಲು ಐದು ನಿಮಿಷ ಯೋಚನೆಗೆ ಕೊಡಿ.

ಬರೆದದ್ದನ್ನು ಎರಡು ದಿನ ಬಿಟ್ಟು ಮತ್ತೆ ಓದಿ, ತಪ್ಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಗುರುತು ಮಾಡಿ. 'ಎ', 'ದಿ' ಬಿಟ್ಟಿದ್ದು, ಏಕವಚನ ಬಹುವಚನ ಹೊಂದದಿರುವುದು, ಕಾಲ ಬದಲಾಗಿದ್ದು, ಇವೇ ತಿರುಗಿ ತಿರುಗಿ ಬರುತ್ತವೆ. ನಿಮ್ಮ ತಪ್ಪುಗಳ ಪಟ್ಟಿ ಕೈಯಲ್ಲಿದ್ದರೆ ದಪ್ಪ ವ್ಯಾಕರಣ ಪುಸ್ತಕ ಪೂರ್ತಿ ಓದಬೇಕಿಲ್ಲ.

ಸ್ಪೀಕಿಂಗ್: ಅಂತರಗಂಗೆಯ ಬಗ್ಗೆ ಎರಡು ನಿಮಿಷ

11ರಿಂದ 14 ನಿಮಿಷ, ಒಬ್ಬ ಪರೀಕ್ಷಕರ ಜೊತೆ ಮಾತುಕತೆ. ಮೊದಲು ನಿಮ್ಮ ಊರು, ಓದು, ಹವ್ಯಾಸ. ಆಮೇಲೆ ಕ್ಯೂ ಕಾರ್ಡ್ (ಮಾತಾಡಬೇಕಾದ ವಿಷಯ ಬರೆದ ಚೀಟಿ) ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ಮಾತಾಡಿ ಅನ್ನುತ್ತಾರೆ. ಕೊನೆಗೆ ಅದೇ ವಿಷಯದ ಸುತ್ತ ಚರ್ಚೆ.

'ನೀರಿನ ಹತ್ತಿರದ ಒಂದು ಜಾಗದ ಬಗ್ಗೆ ಹೇಳಿ' ಅಂತ ಕಾರ್ಡ್ ಬಂದರೆ ಸಮುದ್ರ ಹುಡುಕಬೇಡಿ. ಅಂತರಗಂಗೆ ಇದೆ. ಆ ಒಂದು ನಿಮಿಷದಲ್ಲಿ ನಾಲ್ಕು ಪದ ಬರೆದುಕೊಳ್ಳಿ: ಮೆಟ್ಟಿಲು, ಬಸವನ ಬಾಯಿ, ಕೋತಿ, ಅಜ್ಜಿ. ಬೆಟ್ಟದ ಮೆಟ್ಟಿಲು ಹತ್ತಿದ್ದು, ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದು, ಕೈಲಿದ್ದ ಬಾಳೆಹಣ್ಣನ್ನು ಕೋತಿ ಕಿತ್ತುಕೊಂಡಿದ್ದು, ಆ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಬಾ ಅಂತ ಅಜ್ಜಿ ಹೇಳಿ ಕಳಿಸಿದ್ದು. ಪದಕ್ಕೆ ಮೂರು ನಾಲ್ಕು ವಾಕ್ಯ ಅಂದರೂ ಎರಡು ನಿಮಿಷ ತುಂಬುತ್ತದೆ. ಕಂಡದ್ದನ್ನು ಹೇಳುವಾಗ ಮಾತು ತಾನಾಗಿ ಬರುತ್ತದೆ, ತಡವರಿಕೆ ಕಡಿಮೆಯಾಗುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲು ಮುಜುಗರ ಆಗುತ್ತದೆ, ಆದರೂ ಬಿಡಬೇಡಿ. ವಿದೇಶಿಯರ ಹಾಗೆ ಮಾತಾಡಬೇಕಿಲ್ಲ, ಸ್ಪಷ್ಟವಾಗಿದ್ದರೆ ಸಾಕು. ಕನ್ನಡ, ತೆಲುಗು ಎರಡೂ ಆಡುವ ನಮ್ಮ ಬಾಯಿಗೆ ಪದದ ಕೊನೆಗೆ ಸ್ವರ ಸೇರಿಸುವ ರೂಢಿ: ಬಸ್ಸು, ಬ್ಯಾಂಕು, ಫ್ರೆಂಡು. ಇಂಗ್ಲಿಷ್ ಆಡುವಾಗ ಆ ಕೊನೆಯ 'ಉ' ಬಿಡುವುದನ್ನು ಅಭ್ಯಾಸ ಮಾಡಿ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಅಂತ ಕೇಳಲು ಸಂಕೋಚ ಬೇಡ. ಜೊತೆಗೆ ಓದುವ ಗೆಳತಿ ಇದ್ದರೆ ಸಂಜೆ ಇಪ್ಪತ್ತು ನಿಮಿಷ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ. ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಕಂಡಿಲ್ಲ.

ಕೋಚಿಂಗ್ ಬೇಕೇ? ಲಿಸನಿಂಗ್, ರೀಡಿಂಗ್ ಮನೆಯಲ್ಲೇ ಆಗುತ್ತದೆ. ರೈಟಿಂಗ್‌ಗೆ ಮಾತ್ರ ನಿಮ್ಮ ಬರಹವನ್ನು ಇನ್ನೊಬ್ಬರು ತಿದ್ದಬೇಕು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿ ನೋಡಿ, ಬಹಳಷ್ಟು ಜನ ಇಲ್ಲ ಅನ್ನುವುದಿಲ್ಲ. ದುಡ್ಡು ಕೊಟ್ಟು ಸೇರುವುದಾದರೆ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ನನ್ನ ಎಷ್ಟು ಪ್ರಬಂಧ ತಿದ್ದಿ ಕೊಡುತ್ತೀರಿ? 'ಇಷ್ಟು ಬ್ಯಾಂಡ್ ಗ್ಯಾರಂಟಿ' ಅನ್ನುವ ಬೋರ್ಡು ಕಂಡರೆ ಒಳಗೆ ಹೋಗಬೇಡಿ.

ಪರೀಕ್ಷೆಯ ಹಿಂದಿನ ದಿನ, ಆ ದಿನ

ಕಂಪ್ಯೂಟರ್‌ನಲ್ಲಿ ಬರೆಯುವುದಾದರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡುವ ರೂಢಿ ಒಂದು ತಿಂಗಳ ಮೊದಲೇ ಆಗಲಿ. ಫೋನಿನಲ್ಲಿ ವೇಗವಾಗಿ ಟೈಪ್ ಮಾಡುವವರೂ ಕೀಬೋರ್ಡ್ ಮುಂದೆ ನಿಧಾನ ಆಗುತ್ತಾರೆ. ಎಷ್ಟು ಪದ ಆಯಿತು ಅಂತ ಪರದೆಯೇ ತೋರಿಸುತ್ತದೆ, ಅದೊಂದು ಅನುಕೂಲ.

ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋಗುವುದಾದರೆ ಕೋಲಾರದಿಂದ ಸುಮಾರು 70 ಕಿ.ಮೀ. ಹೊಸಕೋಟೆ ದಾಟಿದ ಮೇಲೆ ಕೆ.ಆರ್. ಪುರದ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕಾದೀತು ಅಂತ ಹೇಳಲಾಗದು. ಬೆಳಗಿನ ಸ್ಲಾಟ್ ಇದ್ದರೆ ಹಿಂದಿನ ರಾತ್ರಿಯೇ ನೆಂಟರ ಮನೆಗೆ ಹೋಗಿ ಮಲಗಿ. ನೋಂದಣಿಗೆ ಕೊಟ್ಟ ಅದೇ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಜೆರಾಕ್ಸ್ ನಡೆಯುವುದಿಲ್ಲ. ವಾಚು, ಫೋನು ಒಳಗೆ ಬಿಡುವುದಿಲ್ಲ. ಸ್ಪೀಕಿಂಗ್ ಬೇರೆ ದಿನ ಇರಬಹುದು, ಇಮೇಲ್ ಸರಿಯಾಗಿ ಓದಿಕೊಳ್ಳಿ.

ಫಲಿತಾಂಶ ಬಂದಾಗ ಒಂದೇ ವಿಭಾಗದಲ್ಲಿ ಕಡಿಮೆ ಆಗಿದ್ದರೆ ನಾಲ್ಕನ್ನೂ ಮತ್ತೆ ಬರೆಯಬೇಕಿಲ್ಲ. ಕಂಪ್ಯೂಟರ್‌ನಲ್ಲಿ ಬರೆದವರಿಗೆ 'ಒನ್ ಸ್ಕಿಲ್ ರೀಟೇಕ್' ಅಂತ ಅವಕಾಶ ಇದೆ. ಮೊದಲ ಪರೀಕ್ಷೆಯಾದ 60 ದಿನದೊಳಗೆ ಆ ಒಂದು ವಿಭಾಗವನ್ನಷ್ಟೇ ಮತ್ತೆ ಬರೆಯಬಹುದು. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ಕಡೆಗೆ ಒಂದು ಇಮೇಲ್ ಹಾಕಿ ಕೇಳಿಕೊಳ್ಳಿ.