ಬೇರೆ ಬೇರೆ ಕೆಲಸದವರನ್ನು ಸೇರಿಸಿ ಬರಹದ ಬಳಗ ನಡೆಸುವುದು ಹೇಗೆ?

ಕಾರವಾರದಲ್ಲಿ ನಮ್ಮ ಬಳಗ ಸೇರುವುದು ನನ್ನ ಹೊಲಿಗೆ ಅಂಗಡಿಯಲ್ಲಿ, ಭಾನುವಾರ ಸಂಜೆ.

ಮೊದಲು ಎಲ್ಲರ ಕೆಲಸದ ಕಾಲ ತಿಳಿದುಕೊಳ್ಳಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ಬಂದ್. ಬೋಟಿನವರಿಗೆ ಪುರುಸೊತ್ತು ಸಿಗುವುದು ಆಗಲೇ. ಶಿರಸಿ ಕಡೆಯ ತೋಟದವರನ್ನು ಅಡಿಕೆ ಕೊಯ್ಲಿನ ಹೊತ್ತಿಗೆ ಕರೆದು ಒತ್ತಾಯ ಮಾಡಬೇಡಿ.

ಹೊಸಬರಿಗೆ "ಎಷ್ಟು ಓದಿದ್ದೀರಿ?" ಎಂದು ಕೇಳಲೇಬೇಡಿ. "ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದ್ರಿ?" ಎಂದು ಕೇಳಿ. ನಮ್ಮಲ್ಲಿ ಮೀನು ಮಾರುವ ಅಕ್ಕ ಒಬ್ಬರಿದ್ದಾರೆ. ಮೂರು ವಾರ ಸುಮ್ನೆ ಕೂತಿದ್ದರು. ಈ ಪ್ರಶ್ನೆ ಕೇಳಿದ ದಿನ ಬಾಯಿ ಬಿಟ್ಟರು. ತಾಜಾ ಬಂಗಡೆಯ ಕೆಂಪು ಕಿವಿರು, ಮಂಜುಗಡ್ಡೆಯಲ್ಲಿ ಮರಗಟ್ಟುವ ಬೆರಳು, ಮೊದಲ ಗಿರಾಕಿಯ ಚೌಕಾಸಿ. ನಾನು ಹಾಗೇ ಬರೆದುಕೊಂಡು ಓದಿ ಹೇಳಿದೆ. ಅವರ ಕಣ್ಣು ತುಂಬಿತು, ನನ್ನದೂ.

ಬರೆಯಲು ಬಾರದವರಿಗೂ ಜಾಗ ಇರಲಿ. ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರು ಹಾಲಕ್ಕಿ ಸಮುದಾಯದ ಹಾಡುಗಳನ್ನು ನೆನಪಿನಲ್ಲೇ ಉಳಿಸಿಕೊಂಡವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೊಂಕಣಿ, ಹವ್ಯಕರ ಹವಿಗನ್ನಡ, ಭಟ್ಕಳ ಕಡೆಯ ನವಾಯತಿ ಮಾತು ಬರಹದಲ್ಲಿ ಬಂದರೆ ತಿದ್ದಬೇಡಿ. ಅರ್ಥ ಕೇಳಿ, ಅಷ್ಟೇ. ಒಮ್ಮೆ ನಾನು ತಿದ್ದಿಬಿಟ್ಟೆ. ಆ ಹುಡುಗ ಮತ್ತೆ ಎರಡು ತಿಂಗಳು ಬರಲಿಲ್ಲ. ಇವತ್ತಿಗೂ ಬೇಸರವಿದೆ.

ಶುರುವಿಗೆ ನಾಲ್ಕು ಸಾಲು ಸಾಕು. ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕ ಬರೆದ ಜಿಲ್ಲೆ ನಮ್ಮದು, ಅಲ್ವಾ? ಓದುವ ಸರದಿಗೆ ಚೀಟಿ ಎತ್ತಿ. ಮಾತು ಬಲ್ಲವರೇ ಜಾಸ್ತಿ ಹೊತ್ತು ತೆಗೆದುಕೊಳ್ಳದಂತೆ ಒಬ್ಬರಿಗೆ ಐದು ನಿಮಿಷ ಇಡಿ. ಚಹಾ ಕೊನೆಗೆ ಕೊಡಿ.