ಸ್ಪಿಟ್ಜ್ ಹಾಡುಗಳಿಗೆ ಪ್ರಸ್ತಾರ ಹಾಕಿದ್ದು

2019ರ ಡಿಸೆಂಬರ್. ನಾನು ಕೆಲಸಕ್ಕೆಂದು ಜಪಾನಿನ ಹಮಮತ್ಸುವಿಗೆ ಬಂದು ಎಂಟು ತಿಂಗಳಾಗಿತ್ತು. ವರ್ಷದ ಕೊನೆಯ ಊಟ ಮುಗಿಸಿ ಆಫೀಸಿನವರೆಲ್ಲ ಕರೋಕೆಗೆ ಹೋದೆವು. ಮೂರು ವಾರ ಗುಟ್ಟಾಗಿ ಅಭ್ಯಾಸ ಮಾಡಿದ್ದೆ. ಹಾಡು 'ಚೆರಿ', ಸ್ಪಿಟ್ಜ್ ಬ್ಯಾಂಡಿನದು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಣ್ಣ ತುಂಬಿಕೊಳ್ಳುತ್ತಾ ಓಡುತ್ತವಲ್ಲ, ಎರಡನೇ ಸಾಲಿಗೇ ಅವು ನನ್ನನ್ನು ಬಿಟ್ಟು ಮುಂದೆ ಹೋದವು. ಟ್ಯೂನ್ ಗೊತ್ತಿತ್ತು, ಪದ ಬಾಯಿಪಾಠವಾಗಿತ್ತು, ಆದರೂ ಪದ ಟ್ಯೂನಿನ ಮೇಲೆ ಕೂರಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಸಹೋದ್ಯೋಗಿಯೇ ಮೈಕ್ ಹಿಡಿದು ದಡ ಸೇರಿಸಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಹಾಡನ್ನು ಅಷ್ಟು ಇಷ್ಟಪಟ್ಟು ಹೀಗಾಯಿತಲ್ಲ ಅಂತ.

ಸ್ಪಿಟ್ಜ್ ಬಗ್ಗೆ ಕೇಳದವರಿಗೆ ಎರಡು ಮಾತು. 1987ರಲ್ಲಿ ಟೋಕಿಯೊದ ನಾಲ್ಕು ವಿದ್ಯಾರ್ಥಿಗಳು ಕಟ್ಟಿದ ರಾಕ್ ಬ್ಯಾಂಡ್. ಹಾಡಿ, ಹೆಚ್ಚಿನೆಲ್ಲ ಹಾಡು ಬರೆಯುವುದು ಕುಸಾನೊ ಮಸಮುನೆ; ಗಿಟಾರ್ ಮಿವಾ ತೆತ್ಸುಯ, ಬೇಸ್ ತಮುರಾ ಅಕಿಹಿರೊ, ಡ್ರಮ್ಸ್ ಸಕಿಯಾಮಾ ತತ್ಸುಒ. ಅಂದಿನಿಂದ ಇಂದಿನವರೆಗೆ ಅದೇ ನಾಲ್ವರು! ಒಬ್ಬರೂ ಬಿಟ್ಟಿಲ್ಲ, ಒಬ್ಬರೂ ಹೊಸದಾಗಿ ಸೇರಿಲ್ಲ. ಹೆಸರು ಆ ಬಿಳಿ ಜೂಲಿನ ಚೂಪು ಮೂತಿಯ ನಾಯಿಯದು. ನಮ್ಮೂರುಗಳಲ್ಲಿ ಪೊಮೇರಿಯನ್ ಅಂತ ಕರೆದು ಸಾಕುವುದೂ ಹೆಚ್ಚಾಗಿ ಸ್ಪಿಟ್ಜ್ ಜಾತಿಯೇ. 1991ರಲ್ಲಿ ಮೊದಲ ಆಲ್ಬಮ್ ಬಂತು, ಆದರೆ ನಾಲ್ಕು ವರ್ಷ ದೊಡ್ಡ ಗೆಲುವಿಲ್ಲ. 1995ರ ಏಪ್ರಿಲ್‌ನಲ್ಲಿ 'ರಾಬಿನ್‌ಸನ್' ಬಂದ ಮೇಲೆ ಇಡೀ ಜಪಾನ್ ಅವರ ಹಾಡು ಗುನುಗಿತು. ಮರುವರ್ಷದ ಏಪ್ರಿಲ್‌ನಲ್ಲಿ 'ಚೆರಿ'. ಎರಡೂ ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದವು. ಹಾಡಿನೊಳಗೆ ಎಲ್ಲೂ ರಾಬಿನ್‌ಸನ್ ಎಂಬ ಪದವಿಲ್ಲ. ಅದು ಕುಸಾನೊ ಬ್ಯಾಂಕಾಕಿಗೆ ಹೋಗಿದ್ದಾಗ ಕಂಡ ಡಿಪಾರ್ಟ್‌ಮೆಂಟ್ ಸ್ಟೋರಿನ ಹೆಸರು. 'ಚೆರಿ'ಯಲ್ಲೂ ಚೆರಿ ಎಂಬ ಪದ ಬರುವುದಿಲ್ಲ.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಸಹೋದ್ಯೋಗಿ ಬಂದು ಕೂತರು. 'ಚೆರಿ'ಯ ಶುರುವಿನಲ್ಲೇ ಒಂದು ಪದವಿದೆ, ಮಗರಿಕುನೆತ್ತ. ಅಂಕುಡೊಂಕಾದ ಎಂದರ್ಥ. ಅದನ್ನು ಹೇಳು ಅಂದರು. ಹೇಳಿದೆ. ಅವರು ತಲೆ ಅಲ್ಲಾಡಿಸಿ, ಬೆರಳು ಒಂದೊಂದಾಗಿ ಮಡಚುತ್ತಾ ಹೇಳಿ ತೋರಿಸಿದರು: ಮ, ಗ, ರಿ, ಕು, ನೆ, ಆಮೇಲೆ ಸದ್ದೇ ಇಲ್ಲದೆ ಒಂದು ಬೆರಳು, ಕೊನೆಗೆ ತ. ಏಳು ಬೆರಳು. ಆ ಸದ್ದಿಲ್ಲದ ಬೆರಳನ್ನು ನೋಡಿದ್ದೇ ನನಗೆ ಹೈಸ್ಕೂಲಿನ ಕನ್ನಡ ತರಗತಿ ಕಣ್ಣಮುಂದೆ ಬಂತು. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ ಅಂತ. ಟಿಶ್ಯೂ ಪೇಪರಿನ ಮೇಲೆ ಬರೆದೆ. ಮ ಲಘು, ಗ ಲಘು, ರಿ ಲಘು, ಕು ಲಘು, ನೆ ಗುರು, ತ್ತ ಲಘು. ಕೂಡಿದರೆ ಏಳು! ಅವರು ಬೆರಳಲ್ಲಿ ಎಣಿಸಿದ್ದನ್ನೇ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಹಾಕಿ ಎಣಿಸಿದ್ದರು.

ಅಂದಿನಿಂದ ನನ್ನ ದಾರಿ ಬದಲಾಯಿತು. ಅಲ್ಲಿಯವರೆಗೆ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತಿದ್ದೆ, ತಪ್ಪಿನ ಬೇರು ಅಲ್ಲಿತ್ತು. ಆ ಅಕ್ಷರದಲ್ಲಿ ಯಾವುದು ಹ್ರಸ್ವ, ಯಾವುದು ದೀರ್ಘ ಅಂತ ಕಣ್ಣಿಗೆ ಹೊಡೆಯುವುದೇ ಇಲ್ಲ. 2020ರಲ್ಲಿ ಮನೆಯಿಂದಲೇ ಕೆಲಸ ಶುರುವಾದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಎಲ್ಲವನ್ನೂ ಕನ್ನಡದಲ್ಲಿ ಬರೆಯತೊಡಗಿದೆ. 'ಸೊರ ಮೊ ತೊಬೆರು ಹಝು' ಎಂಬ ಹಾಡಿದೆ, ಆಕಾಶದಲ್ಲೂ ಹಾರಬಲ್ಲೆ ಎಂಬ ಭರವಸೆಯ ಮಾತು. ಸೋರ ಅಲ್ಲ, ಸೊರ. ತೋಬೇರು ಅಲ್ಲ, ತೊಬೆರು. ಎ-ಏ, ಒ-ಓ ಬೇರೆ ಬೇರೆ ಇರುವ ನಮ್ಮ ಲಿಪಿಗೆ ಇದು ನೀರು ಕುಡಿದಷ್ಟು ಸಲೀಸು. ಎಂಟು ಲಘು, ಒಂದೂ ಗುರುವಿಲ್ಲ. ಇದು 1994ರಲ್ಲಿ ಬಂದಾಗ ಅಷ್ಟಾಗಿ ಓಡಿರಲಿಲ್ಲ. 1996ರಲ್ಲಿ 'ಹಕುಸೆನ್ ನಗಶಿ' ಟಿವಿ ಧಾರಾವಾಹಿಯ ಹಾಡಾದ ಮೇಲೆ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಶಾಲೆ ಮುಗಿಸಿ ಹೊರಡುವ ಮಕ್ಕಳು ಬೀಳ್ಕೊಡುಗೆಯಲ್ಲಿ ಇಂದಿಗೂ ಇದನ್ನು ಹಾಡುತ್ತಾರೆ. ಜಪಾನೀ ಹಾಡು ಕಲಿಯಬೇಕೆನ್ನುವ ಕನ್ನಡಿಗರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಹಾಗಂತ ನಮ್ಮ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ತ್ಸು ಅವರಿಗೆ ಒಂದೇ ಸದ್ದು, ಒತ್ತಕ್ಷರವಲ್ಲ. ಹಮಮತ್ಸು ನಮ್ಮ ಪ್ರಸ್ತಾರದಲ್ಲಿ ಐದು ಮಾತ್ರೆ, ಅವರಿಗೆ ನಾಲ್ಕೇ. ಇನ್ನೊಂದು, ಸ್ವರದ ಪಕ್ಕ ಸ್ವರ ಬಂದರೆ ನಮ್ಮ ನಾಲಿಗೆ ಸುಮ್ಮನಿರುವುದಿಲ್ಲ, ನಡುವೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುತ್ತದೆ. 1998ರ 'ಕಎದೆ' ಹಾಡನ್ನು ನಾನು ತಿಂಗಳುಗಟ್ಟಲೆ ಕಯೆದೆ ಎಂದೇ ಹಾಡಿದೆ. ಕಎದೆ ಎಂದರೆ ಮೇಪಲ್ ಮರ. ಕ, ಎ, ದೆ, ಮೂರೂ ಬಿಡಿಬಿಡಿ. ನೋಟ್‌ಬುಕ್ಕಿನಲ್ಲಿ ಎ ಸುತ್ತ ಕೆಂಪು ಶಾಯಿಯ ವೃತ್ತ ಇವತ್ತಿಗೂ ಇದೆ. ಮತ್ತೆ ನ್. 'ರಾಬಿನ್‌ಸನ್' ಅವರ ಬಾಯಲ್ಲಿ ರೊ, ಬಿ, ನ್, ಸೊ, ನ್, ಐದು ಮಾತ್ರೆ. ರೊಬಿನ್‌ಸೊನ್ ಅಂತ ಬರೆದುಕೊಂಡರೆ ನಮಗೂ ಐದೇ ಬರುತ್ತದೆ, ಆದರೆ ನಾವು ಗುರುವನ್ನು ಹಾಡುವಾಗ ಸ್ವರವನ್ನು ಎಳೆದು ಕೊನೆಗೆ ನ್ ಮುಟ್ಟಿಸುತ್ತೇವೆ. ಅವರ ಹಾಡಿನಲ್ಲಿ ನ್ ಒಂದಕ್ಕೇ ಒಂದು ಸ್ವರಸ್ಥಾನ ಸಿಗಬಹುದು. ಬಾಯಿ ಮುಚ್ಚಿ, ಮೂಗಲ್ಲಿ ಗುಂಯ್ ಎನಿಸಿ, ಅದರ ಮೇಲೇ ನಿಲ್ಲಬೇಕು. ಇದು ಬರಲು ಅರ್ಧ ವರ್ಷ ಹಿಡಿಯಿತು.

ಗಿಟಾರ್ ಬಗ್ಗೆ ಹೆಚ್ಚು ಹೇಳಲಾರೆ, ಕೈ ಇನ್ನೂ ಸಾಧಾರಣ. 'ಚೆರಿ' ಸಿ ಮೇಜರ್‌ನಲ್ಲಿದೆ. ಶುರುವಿನ ಸಾಲುಗಳಿಗೆ ಸಿ, ಜಿ, ಎ ಮೈನರ್, ಇ ಮೈನರ್, ಎಫ್, ಸಿ, ಎಫ್, ಜಿ. ಕುಸಾನೊ ದನಿ ಎತ್ತರದ್ದು, ನನ್ನದು ಅಲ್ಲಿಗೆ ಮುಟ್ಟದು. ಹಾಗಾಗಿ ಎರಡನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಆಕಾರದ ಕಾರ್ಡ್‌ಗಳನ್ನು ಹಿಡಿಯುತ್ತೇನೆ, ಆಗ ಹಾಡು ಮೂರು ಸ್ವರಸ್ಥಾನ ಕೆಳಗಿಳಿದು ಎ ಮೇಜರ್ ಆಗುತ್ತದೆ. ಎಫ್ ಕಾರ್ಡಿನ ಕಾಟ ತಪ್ಪುತ್ತದೆ, ಬದಲಿಗೆ ಬಿ ಮೈನರ್ ಬಂದು ತೋರುಬೆರಳಿಗೆ ಗಂಟು ಬೀಳುತ್ತದೆ. 'ರಾಬಿನ್‌ಸನ್' ಶುರುವಿಗೆ ಮಿವಾ ನುಡಿಸುವ ತಂತಿ ಬಿಡಿಸಿದ ಆ ಎಳೆ, ಅದನ್ನು ಅರ್ಧ ವೇಗದಲ್ಲಿ ನುಡಿಸಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ನನಗೆ ನಿಜಕ್ಕೂ ಕಷ್ಟವಾದದ್ದು ಗಮಕವನ್ನು, ಅಂದರೆ ಸ್ವರವನ್ನು ಆಡಿಸುವುದನ್ನು, ಬಿಡುವುದು. ಚಿಕ್ಕಂದಿನಲ್ಲಿ ಐದು ವರ್ಷ ಸುಗಮ ಸಂಗೀತ ಕಲಿತಿದ್ದೆ. ಉದ್ದದ ಸ್ವರ ಸಿಕ್ಕಿದರೆ ಸಾಕು, ಗಂಟಲು ತಾನಾಗಿ ಅದನ್ನು ಆಡಿಸುತ್ತದೆ. ಕುಸಾನೊ ಹಾಡುವಾಗ ಸ್ವರ ಗೋಡೆಗೆ ಹೊಡೆದ ಮೊಳೆಯಂತೆ ನೆಟ್ಟಗೆ ನಿಂತಿರುತ್ತದೆ. ಅವರ ಹಾಡಿನ ಆ ಒಂಟಿತನ, ಹೇಳಿಯೂ ಹೇಳದ ಆ ಮಾತು, ಎಲ್ಲ ಆ ನೆಟ್ಟಗಿರುವುದರಲ್ಲೇ ಇದೆ ಅಂತ ನನ್ನ ನಂಬಿಕೆ. ಆಡಿಸಿದರೆ ಅದು ಚೆಲ್ಲಿಹೋಗುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು, ಒಂದೊಂದು ಸಾಲಿನ ಕೊನೆಯ ಸ್ವರವನ್ನು ಅಲ್ಲಾಡದಂತೆ ಹಿಡಿದು ನಿಲ್ಲುವುದನ್ನು ಬೆಳಿಗ್ಗೆ ಹತ್ತು ನಿಮಿಷ ಮಾಡುತ್ತಿದ್ದೆ. ಬಿಡುವುದು ಕಲಿಯುವುದಕ್ಕಿಂತ ಕಷ್ಟ.

2022ರ ಡಿಸೆಂಬರ್‌ನಲ್ಲಿ ಮತ್ತೆ ಕರೋಕೆಗೆ ಹೋದೆವು. ಕೀ ಮೂರು ಇಳಿಸಿ 'ಚೆರಿ' ಹಾಕಿದೆ. ಮಗರಿಕುನೆತ್ತ ಬಂದಾಗ ಮೇಜಿನ ಆಚೆ ಬದಿಯಲ್ಲಿ ಆ ಸಹೋದ್ಯೋಗಿಯ ಬೆರಳು ಮಡಚುವುದು ಕಂಡಿತು. ಸದ್ದಿಲ್ಲದ ಬೆರಳೂ ಮಡಚಿತು, ನಾನೂ ಅಲ್ಲಿ ನಿಂತೆ, ತ ಇಬ್ಬರಿಗೂ ಒಟ್ಟಿಗೇ ಬಂತು. ಈಗ ನೋಟ್‌ಬುಕ್ಕಿನಲ್ಲಿ 2023ರ 'ಉತ್ಸುಕುಶಿಇ ಹಿರೆ' ನಡೆಯುತ್ತಿದೆ. ಉತ್ಸುಕುಶೀ ಅಂತ ಬರೆದು, ಆಮೇಲೆ ಶೀ ಹೊಡೆದು, ಶಿ, ಇ ಎಂದು ಬಿಡಿಸಿ ಬರೆದುಕೊಂಡಿದ್ದೇನೆ.